ಆರಾಮಾಗೇ ಇದ್ದೀನಲ್ಲ ಅಂದುಕೊಂಡ ಎರಡು ತಿಂಗಳು

ಬೆರಳಿನಿಂದ ಮದುವೆ ಉಂಗುರ ಬರಲಿಲ್ಲ. 2018ರ ಆಗಸ್ಟ್ ತಿಂಗಳ ಕೊನೆ ವಾರ ಅದು. ಸೋಪು ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಕೊನೆಗೆ ಅತ್ತೆ ಬಂದು ಬೆರಳಿಗೆ ದಾರ ಸುತ್ತಿ ಎಳೆದು ನೋಡಿದರು. ಉಂಗುರ ಅಲ್ಲಾಡಲೇ ಇಲ್ಲ. "ಬಸುರಿ ಮೈ ಅಲ್ವಾ, ಅದರ ಮೇಲೆ ಈ ಮಳೆ ಬೇರೆ, ಸ್ವಲ್ಪ ನೀರು ತುಂಬಿಕೊಳ್ಳುತ್ತೆ" ಅಂದರು. ನನಗೂ ಹಾಗೇ ಅನಿಸಿತ್ತು. ಹೊಟ್ಟೆಯಲ್ಲಿ ಮಗು ಚೆನ್ನಾಗಿ ಒದೆಯುತ್ತಿತ್ತು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದ ಮಾತು ಒಂದೇ, ಆರಾಮಾಗಿದ್ದೀನಿ.

ಆ ಮಾತು ಸುಳ್ಳಲ್ಲ. ನಿಜವಾಗಿಯೂ ಆರಾಮಾಗೇ ಇದ್ದೆ. ಆದರೆ ಅದೇ ಹೊತ್ತಿಗೆ ನನ್ನ ಬಿಪಿ 160/110 ಇತ್ತು.

ಇದನ್ನು ಬರೆಯಬೇಕು ಅಂತ ಎಷ್ಟೋ ದಿನದಿಂದ ಇತ್ತು. ಹೋದ ವಾರ ನಮ್ಮ ನೆಂಟರ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು, ಐದು ತಿಂಗಳು ಅವಳಿಗೆ. "ಅಕ್ಕ, ಈ ತಿಂಗಳು ಚೆಕಪ್‌ಗೆ ಹೋಗಲಿಲ್ಲ, ಏನೂ ತೊಂದರೆ ಇಲ್ಲವಲ್ಲ, ಸುಮ್ನೆ ಯಾಕೆ ಅಷ್ಟು ದೂರ ಹೋಗೋದು" ಅಂದಳು. ಏಳು ವರ್ಷದ ಹಿಂದಿನ ನನ್ನ ದನಿಯೇ ಕೇಳಿದ ಹಾಗಾಯಿತು. ಫೋನಿನಲ್ಲಿ ಅವಳಿಗೆ ಅರ್ಧ ಗಂಟೆ ಮಾತಾಡಿದೆ. ಅಲ್ಲಿ ಹೇಳಲು ಆಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಮಾದಾಪುರದ ಕಡೆ. ಆ ವರ್ಷ ಏನಾಯಿತು ಅಂತ ಕೊಡಗಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಜೂನ್ ಕೊನೆಯಲ್ಲಿ ನನಗೆ ಆರನೇ ತಿಂಗಳು ನಡೆಯುವಾಗ ಒಂದು ಚೆಕಪ್ ಆಗಿತ್ತು, ಎಲ್ಲ ಸರಿ ಇದೆ ಅಂದಿದ್ದರು. ಐದನೇ ತಿಂಗಳ ಸ್ಕ್ಯಾನಿಂಗ್ ಕೂಡ ಮುಗಿದಿತ್ತು. ಆಷಾಢದಲ್ಲಿ ತವರಿಗೆ ಹೋದೆ. ಜುಲೈ ಚೆಕಪ್ ಅಲ್ಲಿ ಮಾಡಿಸೋಣ ಅಂದುಕೊಂಡು ಮಾಡಿಸಲಿಲ್ಲ. ಮಳೆ, ಬಸ್ಸಿಲ್ಲ, ಅಪ್ಪನಿಗೆ ಜ್ವರ, ಹೀಗೆ ದಿನಕ್ಕೊಂದು ಕಾರಣ. ಆಗಸ್ಟ್ 9ಕ್ಕೆ ಹೋಗಬೇಕಿತ್ತು, ಅವತ್ತೂ ಜೋರು ಮಳೆ. ಮುಂದಿನ ವಾರ ಅಂದೆವು. ಆ ಮುಂದಿನ ವಾರವೇ ಬೆಟ್ಟ ಜರಿದದ್ದು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಒಂದೊಂದೇ ಹೆಸರು ಕೇಳುತ್ತಾ ನಾವು ಮನೆಯೊಳಗೆ ಕೂತಿದ್ದೆವು. ಕರೆಂಟ್ ಇಲ್ಲ, ಫೋನ್ ಇಲ್ಲ, ರಸ್ತೆ ಇದ್ದ ಜಾಗದಲ್ಲಿ ಕೆಂಪು ಮಣ್ಣು. ಮನೆ ಮಠ ಕಳೆದುಕೊಂಡವರು ಶಾಲೆಗಳಲ್ಲಿ ಮಲಗಿರುವಾಗ ನನ್ನ ಚೆಕಪ್ ಒಂದು ಮಾತೇ ಅಂತ ಮನೆಯಲ್ಲಿ ಯಾರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ.

ಮಳೆ ಸ್ವಲ್ಪ ಹೊಳವಾದ ಮೇಲೆ ನಮ್ಮೂರಿನ ಆಶಾ ಕಾರ್ಯಕರ್ತೆ, ನಾವೆಲ್ಲ ಆಶಾ ಅಕ್ಕ ಅನ್ನುವವರು, ನಡೆದುಕೊಂಡು ಬಂದರು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರು, ಕಾಲೆಲ್ಲ ಕೆಸರು, ಒಂದು ಜಿಗಣೆ ಅಂಟಿಕೊಂಡೇ ಇತ್ತು. ಜಗುಲಿಯಲ್ಲಿ ಕೂತು ಜಿಗಣೆ ಕೀಳುತ್ತಾ ನನ್ನ ಮುಖವನ್ನೇ ನೋಡಿದರು. ಕೈ ಕೊಡು ಅಂದರು. ಉಂಗುರ ನೋಡಿದರು. ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಟ್ಟರು, ಗುಳಿ ಹಾಗೇ ಉಳಿಯಿತು. ತಲೆನೋವು ಉಂಟಾ ಅಂದರು. ಇಲ್ಲ ಅಂದೆ. ಕಣ್ಣು ಮಂಜಾಗುತ್ತಾ ಅಂದರು. ಇಲ್ಲ ಅಂದೆ. "ಏನೂ ಇಲ್ಲದಿದ್ದರೂ ಇವತ್ತೇ ಹೊರಡಿ" ಅಂದರು. ನಮ್ಮನೆಯವರು ನಾಳೆ ಹೋಗೋಣ ಅಂದದ್ದಕ್ಕೆ ಅವರು ಎದ್ದೇಳಲಿಲ್ಲ. ಜೀಪು ಬರುವ ತನಕ ಜಗುಲಿಯಲ್ಲೇ ಕೂತಿದ್ದರು.

ಉಪಕೇಂದ್ರದಲ್ಲಿ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿದರು. ಒದ್ದೆ ಕೊಡೆಗಳ ವಾಸನೆ, ಎಮರ್ಜೆನ್ಸಿ ಲ್ಯಾಂಪಿನ ಬೆಳಕು. ಗಾಳಿ ತುಂಬಿ ಬಿಟ್ಟರು. ಮತ್ತೆ ತುಂಬಿ ಬಿಟ್ಟರು. ಎಡಗೈಗೆ ಕಟ್ಟಿ ನೋಡಿದರು. ಹತ್ತು ನಿಮಿಷ ಸುಮ್ಮನೆ ಕೂತಿರು, ಮಾತಾಡಬೇಡ ಅಂದರು. ಆಮೇಲೆ ಮೂತ್ರ ಪರೀಕ್ಷೆಗೆ ಒಂದು ಚಿಕ್ಕ ಪಟ್ಟಿ ಅದ್ದಿ ಬೆಳಕಿಗೆ ಹಿಡಿದರು. ಹಳದಿ ಇದ್ದ ಚೌಕ ನೋಡುತ್ತಾ ನೋಡುತ್ತಾ ಹಸಿರಾಯಿತು, ಬಾಳೆ ಸುಳಿ ಬಿಚ್ಚುವಾಗ ಇರುತ್ತಲ್ಲ ಆ ಬಣ್ಣ. ಸಿಸ್ಟರ್ ಮುಖ ಸಣ್ಣದಾಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಬಿಪಿ ಜಾಸ್ತಿ ಇದೆ, ಇದಕ್ಕೆ ಗರ್ಭದ ನಂಜು ಅಂತಾರೆ, ಇಲ್ಲಿ ಇರಿಸಿಕೊಳ್ಳುವ ಹಾಗಿಲ್ಲ, ಸುಂಟಿಕೊಪ್ಪದ ಮೇಲೆ ಸುತ್ತಿಕೊಂಡಾದರೂ ಸರಿ, ಈಗಲೇ ಮಡಿಕೇರಿಗೆ ಹೋಗಬೇಕು ಅಂದರು.

ನಂಜು ಅನ್ನುವ ಪದ ಕೇಳಿದ್ದೆ. ಅದು ಬಂದರೆ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ತಪ್ಪು ಅಲ್ಲೇ. ಇಪ್ಪತ್ತು ವಾರ ದಾಟಿದ ಮೇಲೆ ಯಾವಾಗ ಬೇಕಾದರೂ ಬಿಪಿ ಏರಬಹುದು. 140/90 ದಾಟಿದರೆ ಎಚ್ಚರ, 160/110 ಮುಟ್ಟಿದರೆ ಅಪಾಯ. ಆದರೆ ಏರುವಾಗ ಸದ್ದು ಮಾಡುವುದಿಲ್ಲ. ತಡೆಯಲಾಗದ ತಲೆನೋವು, ಕಣ್ಣೆದುರು ಮಿಂಚು ಹುಳು ಹಾರಿದ ಹಾಗೆ ಆಗುವುದು, ಎದೆಗೂಡಿನ ಕೆಳಗೆ ಬಲಭಾಗದಲ್ಲಿ ನೋವು, ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಕಾಯಿಲೆ ತುಂಬಾ ದೂರ ಬಂದಿರುತ್ತೆ. ಅದರ ಮುಂದಿನದು ಫಿಟ್ಸ್. ಬಸುರಿಗೆ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಸಂಚಕಾರ. ಇಷ್ಟು ದೊಡ್ಡ ಕಾಯಿಲೆಯನ್ನು ಅದಕ್ಕೂ ಮುಂಚೆ ಹಿಡಿಯುವುದು ಆ ತೋಳಿನ ಪಟ್ಟಿ ಮತ್ತು ಆ ಮೂತ್ರದ ಪಟ್ಟಿ. ಎರಡೂ ಸೇರಿ ಹತ್ತು ನಿಮಿಷದ ಕೆಲಸ. ಜುಲೈನಲ್ಲಿ ಒಮ್ಮೆ, ಆಗಸ್ಟ್ ಮೊದಲಲ್ಲಿ ಒಮ್ಮೆ ಆ ಹತ್ತು ನಿಮಿಷ ಕೊಟ್ಟಿದ್ದರೆ ಬಿಪಿ ಏರಲು ಶುರುವಾದಾಗಲೇ ಮಾತ್ರೆ ಶುರುವಾಗುತ್ತಿತ್ತು. ಇದನ್ನು ನನಗೆ ಯಾರೂ ಬೈದು ಹೇಳಲಿಲ್ಲ. ವಾರ್ಡಿನಲ್ಲಿ ಮಲಗಿ ಲೆಕ್ಕ ಹಾಕಿದಾಗ ನನಗೇ ಗೊತ್ತಾಯಿತು.

ಮಡಿಕೇರಿಯಲ್ಲಿ ಬಿಪಿ ಇಳಿಸಲು ಔಷಧಿ ಕೊಟ್ಟರು. ಫಿಟ್ಸ್ ಬರದ ಹಾಗೆ ಮೆಗ್ನೀಷಿಯಂ ಇಂಜೆಕ್ಷನ್ ಕೊಟ್ಟರು. ಅದು ಒಳಗೆ ಹೋಗುವಾಗ ಮೈಯೆಲ್ಲ ಬಿಸಿ ಬಿಸಿ, ಒಲೆ ಮುಂದೆ ಕೂರಿಸಿದ ಹಾಗೆ. ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಆಯಿತು. ಆಗ ನನಗೆ 32 ವಾರ. ಡಾಕ್ಟರ್ ಒಂದೊಂದು ದಿನ ದಾಟಿಸಿದರೂ ಮಗುವಿಗೆ ಲಾಭ ಅಂದರು. ಎರಡು ವಾರ ದಾಟಿಸಿದರು. ಸೆಪ್ಟೆಂಬರ್ ಮಧ್ಯದಲ್ಲಿ, 34 ವಾರಕ್ಕೆ, ಆಪರೇಷನ್ ಮಾಡಿ ಮಗಳನ್ನು ತೆಗೆದರು. 1 ಕಿಲೋ 800 ಗ್ರಾಂ. ನಮ್ಮ ಮನೆಯ ತೂಕದ ಲೆಕ್ಕದಲ್ಲಿ ಎರಡು ಕಿಲೋ ಕಾಫಿ ಪುಡಿ ಪೊಟ್ಟಣಕ್ಕಿಂತ ಕಮ್ಮಿ. ಪಾದ ನನ್ನ ಕಿರುಬೆರಳಷ್ಟು ಉದ್ದ. ಎದೆ ಮೇಲೆ ಬರಿಮೈಗೆ ಬರಿಮೈ ತಾಗಿಸಿ, ಮೇಲೆ ಬಟ್ಟೆ ಕಟ್ಟಿ, ಕಾಂಗರೂ ತಾಯಿಯ ಹಾಗೆ ದಿನಗಟ್ಟಲೆ ಕೂತಿದ್ದೆ. ಅವಳ ಉಸಿರು ನನ್ನ ಎದೆಗೆ ತಾಗುತ್ತಿದ್ದದ್ದು ಇವತ್ತಿಗೂ ಅಲ್ಲೇ ಇದೆ.

ಈಗ ಅವಳು ಶಾಲೆಗೆ ಹೋಗುತ್ತಾಳೆ, ಗಟ್ಟಿಯಾಗಿದ್ದಾಳೆ. ಅದೇ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು ಖಾಲಿ ಕೈಯಲ್ಲಿ ಮನೆಗೆ ಹೋದಳು. ಅವಳ ಬಗ್ಗೆ ಜಾಸ್ತಿ ಬರೆಯಲಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಬಾಣಂತನದ ಒಂದು ಸಂಜೆ. ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಬಸುರಿ ಅಂತ ಗೊತ್ತಾದ ದಿನದಿಂದ ಅವರು ಹೇಳುತ್ತಿದ್ದ ಮಾತು, "ನಾನು ಐದು ಹೆತ್ತೆ, ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಿದವಳಲ್ಲ." ಹೆಮ್ಮೆಯಿಂದ ಹೇಳುತ್ತಿದ್ದರು, ನಮಗೂ ಅದು ಹೆಮ್ಮೆಯೇ. ನಮ್ಮನೆಯವರಿಗೆ ಒಬ್ಬ ಅಣ್ಣ, ಒಬ್ಬಳು ತಂಗಿ. ಐದು ಅಂದರೆ ಇನ್ನಿಬ್ಬರು ಎಲ್ಲಿ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಆ ಸಂಜೆ ಅವರೇ ಹೇಳಿದರು. ಒಂದು ಏಳು ತಿಂಗಳಿಗೆ ಹೋಯಿತಂತೆ. ಇನ್ನೊಂದು ದಿನ ತುಂಬಿ ಹುಟ್ಟಿತು, ಅಳಲಿಲ್ಲ. ಯಾಕೆ ಅಂತ ಗೊತ್ತಾಯಿತಾ ಅತ್ತೆ ಅಂದೆ. "ಯಾರು ಹೇಳೋರು ಮಗಾ, ದೃಷ್ಟಿ ಅಂದರು, ದೇವರ ಹರಕೆ ತೀರಿಸಿಲ್ಲ ಅಂದರು. ನನಗೂ ಆಗ ಕೈಕಾಲು ಊದಿತ್ತು" ಅಂದರು. ಊದಿತ್ತು ಅಂದದ್ದು ಬಿಪಿಗೋ ಬೇರೆ ಯಾವುದಕ್ಕೋ ಈಗ ಯಾರಿಗೂ ಹೇಳಲಾಗದು. ಬಿಪಿ ನೋಡಿದವರೇ ಇಲ್ಲ. ಅವರು ಮಗುವಿನ ಪಾದಕ್ಕೆ ಎಣ್ಣೆ ತಿಕ್ಕುತ್ತಲೇ ಇದ್ದರು. ಅವತ್ತಿನ ನಂತರ ಆ ಐದರ ಮಾತನ್ನು ಅವರು ಯಾರ ಮುಂದೆಯೂ ಆಡಿದ್ದು ನಾನು ಕೇಳಿಲ್ಲ.

ಹಳೆಯ ಸೂಲಗಿತ್ತಿಯರ ಬಗ್ಗೆ ನನಗೆ ತುಂಬಾ ಗೌರವ ಇದೆ. ಕಾಡಿನ ನಡುವೆ, ಬುಡ್ಡಿ ದೀಪದಲ್ಲಿ, ಬರಿಗೈಯಲ್ಲಿ ಎಷ್ಟು ಜೀವ ಉಳಿಸಿದ್ದಾರೋ. ಆದರೆ ಅವರನ್ನು ಕರೆಸುತ್ತಿದ್ದದ್ದು ನೋವು ಬಂದ ಮೇಲೆ. ನಾನು ಹೇಳುತ್ತಿರುವುದು ನೋವು ಬರುವ ಮುಂಚಿನ ಒಂಬತ್ತು ತಿಂಗಳ ಮಾತು.

ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸುರಿ ಅಂತ ಬಾಯಿ ಬಿಡಬಾರದು ಅನ್ನುವ ರೂಢಿ ಇದೆ. ಊರಿಗೆಲ್ಲ ಹೇಳುವುದು ಬೇಡ, ಸರಿ. ಆದರೆ ಆಶಾ ಅಕ್ಕನಿಗೂ ಹೇಳದೆ, ಸಿಸ್ಟರಿಗೂ ಹೇಳದೆ ಇರುವುದು ಮಾತ್ರ ಬೇಡ. ಮೊದಲ ಭೇಟಿ 12 ವಾರದ ಒಳಗೆ ಆಗಬೇಕು ಅನ್ನುವುದು ಸುಮ್ನೆ ಮಾಡಿದ ನಿಯಮ ಅಲ್ಲ. ಮಗುವಿನ ಮಿದುಳು, ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತು ನಾಲ್ಕು ವಾರದೊಳಗೆ. ಫೋಲಿಕ್ ಆಸಿಡ್ ಮಾತ್ರೆಗೆ ಜಾಸ್ತಿ ಕೆಲಸ ಇರುವುದು ಆ ದಿನಗಳಲ್ಲೇ. ಅದಕ್ಕೇ ಮಗು ಬೇಕು ಅಂತ ತೀರ್ಮಾನ ಮಾಡಿದಾಗಲೇ ಶುರು ಮಾಡಿ ಅಂತಾರೆ. ತಾಯಿ ಕಾರ್ಡ್ ಮಾಡಿಸುವುದು, ರಕ್ತದ ಗುಂಪು, ಥೈರಾಯ್ಡ್, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಇವೆಲ್ಲ ಮೊದಲ ಭೇಟಿಯಲ್ಲೇ ಆಗಿಬಿಟ್ಟರೆ ಮುಂದಿನ ದಾರಿ ತಿಳಿಯುತ್ತೆ.

ರಕ್ತದ ಗುಂಪು ಅಂದಾಗ ನನ್ನ ನಾದಿನಿಯ ನೆನಪಾಗುತ್ತೆ. ಅವಳದ್ದು ನೆಗೆಟಿವ್, ಗಂಡನದ್ದು ಪಾಸಿಟಿವ್. ಇಂಥವರಿಗೆ ಚೊಚ್ಚಲ ಮಗು ಸಾಮಾನ್ಯವಾಗಿ ಚೆನ್ನಾಗಿಯೇ ಹುಟ್ಟುತ್ತೆ. ಆದರೆ ಮಗುವಿನ ಪಾಸಿಟಿವ್ ರಕ್ತ ತಾಯಿಯ ರಕ್ತಕ್ಕೆ ಸ್ವಲ್ಪ ಬೆರೆತರೂ ತಾಯಿಯ ಮೈ ಅದರ ವಿರುದ್ಧ ತಯಾರಾಗಿ ನಿಲ್ಲುತ್ತೆ, ಏಟು ಬೀಳುವುದು ಮುಂದಿನ ಮಗುವಿಗೆ. ಅದನ್ನು ತಪ್ಪಿಸಲು 28ನೇ ವಾರದಲ್ಲಿ ಒಂದು ಆಂಟಿ-ಡಿ ಇಂಜೆಕ್ಷನ್, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆ ಆಗಿ 72 ಗಂಟೆಯೊಳಗೆ ಇನ್ನೊಂದು. ಅಷ್ಟೇ. ನಾದಿನಿಗೆ ಎರಡು ಮಕ್ಕಳು, ಇಬ್ಬರೂ ಚೆನ್ನಾಗಿದ್ದಾರೆ. ಎಷ್ಟು ಮನೆಗಳಲ್ಲಿ ಎರಡನೆಯದು, ಮೂರನೆಯದು ನಿಲ್ಲದೆ ಹೋಗಿ ಹೆಣ್ಣಿನ ಮೇಲೆ ಇಲ್ಲದ ದೋಷ ಹೊರಿಸಿದ್ದರೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತೆ.

ಇನ್ನು ಸ್ಕ್ಯಾನಿಂಗ್. ನಮ್ಮವರಲ್ಲಿ ಒಂದು ನಂಬಿಕೆ ಬೆಳೆದುಬಿಟ್ಟಿದೆ, ಸ್ಕ್ಯಾನಿಂಗ್ ಆಯಿತು ಅಂದರೆ ಚೆಕಪ್ ಆಯಿತು ಅಂತ. ಮೈಸೂರಿಗೋ ಮಂಗಳೂರಿಗೋ ಕಾರು ಮಾಡಿಕೊಂಡು ಹೋಗಿ, ಸಾವಿರಾರು ರೂಪಾಯಿ ಕೊಟ್ಟು ಫೋಟೋ ತಂದು ಎಲ್ಲರಿಗೂ ತೋರಿಸುತ್ತಾರೆ. ಆಮೇಲೆ ಎರಡು ತಿಂಗಳು ಬಿಪಿ ನೋಡಿಸುವುದಿಲ್ಲ. ಸ್ಕ್ಯಾನಿಂಗ್ ಬೇಕು. 11ರಿಂದ 13 ವಾರದಲ್ಲಿ ಒಂದು, 18ರಿಂದ 20 ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಒಂದು, ಇವನ್ನು ತಪ್ಪಿಸಬಾರದು. ಆದರೆ ಅದು ಮುಖ್ಯವಾಗಿ ಮಗುವಿನ ಸಮಾಚಾರ ಹೇಳುತ್ತೆ. ಅಮ್ಮನ ಸಮಾಚಾರ ಹೇಳುವುದು ಬಿಪಿ, ಮೂತ್ರ, ರಕ್ತ, ತೂಕ. ನನ್ನ ಐದನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟ್ ತುಂಬಾ ಚೆನ್ನಾಗಿತ್ತು. ಅದನ್ನು ನೆಚ್ಚಿಕೊಂಡೇ ನಾನು ಕೂತದ್ದು.

ರಕ್ತ ಕಮ್ಮಿ ಅನ್ನುವುದೂ ಇದೇ ಜಾತಿಯದು. ನಿಧಾನವಾಗಿ ಇಳಿಯುತ್ತೆ, ಮೈ ಅದಕ್ಕೇ ಒಗ್ಗಿಕೊಳ್ಳುತ್ತೆ. ಬಸುರಿಯಲ್ಲಿ ಸುಸ್ತು ಸಹಜ ಅಂದುಬಿಡುತ್ತೇವೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಬಂದರೆ ಗಂಭೀರ. ಹೆರಿಗೆಯಲ್ಲಿ ಒಂದಿಷ್ಟು ರಕ್ತ ಹೋಗಿಯೇ ಹೋಗುತ್ತೆ. 12 ಇದ್ದವಳು ಅದನ್ನು ತಡೆದುಕೊಳ್ಳುತ್ತಾಳೆ, 6 ಇದ್ದವಳಿಗೆ ಅದೇ ಪ್ರಾಣಕ್ಕೆ ಕುತ್ತಾಗುತ್ತೆ. ಮೂರು ತಿಂಗಳು ಕಳೆದ ಮೇಲೆ ದಿನಕ್ಕೊಂದು ಐರನ್ ಮಾತ್ರೆ, ಒಟ್ಟು 180, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಎಷ್ಟು ಮನೆಗಳಲ್ಲಿ ಆ ಮಾತ್ರೆ ದೇವರ ಗೂಡಿನ ಪಕ್ಕ ಹಾಗೇ ಇರುತ್ತೆ ಅಂತ ನಾನೇ ನೋಡಿದ್ದೇನೆ. ತಿಂದರೆ ಮಗು ಕಪ್ಪಾಗುತ್ತೆ ಅಂತಾರೆ. ಕಪ್ಪಾಗುವುದು ಮಲ, ಮಗು ಅಲ್ಲ. ವಾಕರಿಕೆ, ಮಲಬದ್ಧತೆ ಆಗುವುದು ನಿಜ, ಅದನ್ನು ಸಿಸ್ಟರಿಗೆ ಹೇಳಿದರೆ ಬೇರೆ ಹೊತ್ತಿಗೆ ತಗೊಳ್ಳಲು, ಬೇರೆ ಮಾತ್ರೆಗೆ ಬದಲಿಸಲು ದಾರಿ ಇದೆ. ಸುಮ್ಮನೆ ಬಿಟ್ಟುಬಿಡಬೇಡಿ.

ಮತ್ತೆ ಕಾಫಿ. ಕೊಡಗಿನವರಿಗೆ ಈ ಮಾತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ನಾನು ಮೊದಲನೇ ಸಲ ಐರನ್ ಮಾತ್ರೆಯನ್ನು ಬೆಲ್ಲದ ಕಾಫಿಯ ಜೊತೆಗೇ ನುಂಗುತ್ತಿದ್ದೆ, ಬಾಯಿಯ ಕಬ್ಬಿಣದ ರುಚಿ ಹೋಗಲಿ ಅಂತ. ಕಾಫಿ, ಟೀ ಎರಡೂ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಇರಲಿ. ನಿಂಬೆ ಪಾನಕದ ಜೊತೆ ತಗೊಂಡರೆ, ಹಿತ್ತಲಿನ ಕಿತ್ತಳೆ ಒಂದು ತಿಂದರೆ ಚೆನ್ನಾಗಿ ಹತ್ತುತ್ತೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಐರನ್ ಜೊತೆ ತಗೊಳ್ಳಬಾರದು, ಅದು ಬೇರೆ ಹೊತ್ತಿಗೆ. ಕಾಫಿ ಪೂರ್ತಿ ಬಿಡಬೇಕಾಗಿಲ್ಲ, ದಿನಕ್ಕೆ ಒಂದು ಎರಡು ಲೋಟ ಸಾಕು. ನಮ್ಮ ಮನೆಯಲ್ಲಿ ಲೆಕ್ಕ ಐದಾರು ಇತ್ತು.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇನ್ನೊಂದು ಕಾಟ ಇದೆ, ಕೊಕ್ಕೆಹುಳು. ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮದ ಮೂಲಕ ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಹೀರುತ್ತೆ. ಎಷ್ಟು ಐರನ್ ಮಾತ್ರೆ ನುಂಗಿದರೂ ಒಂದು ಕಡೆಯಿಂದ ತುಂಬಿ ಇನ್ನೊಂದು ಕಡೆಯಿಂದ ಸೋರಿದ ಹಾಗೆ. ಅದಕ್ಕೇ ಮೂರು ತಿಂಗಳು ಕಳೆದ ಮೇಲೆ ಒಂದು ಹುಳುವಿನ ಮಾತ್ರೆ ಕೊಡುತ್ತಾರೆ. ಒಂದೇ ಒಂದು. ಇದು ನನಗೆ ಗೊತ್ತಾದದ್ದು ಲೈನ್ ಮನೆಯ, ಅಂದರೆ ತೋಟದ ಕೂಲಿಯವರು ಇರುವ ಸಾಲು ಮನೆಯ, ಒಬ್ಬ ಹೆಣ್ಣುಮಗಳ ಜೊತೆ ಆಸ್ಪತ್ರೆಗೆ ಹೋದಾಗ.

ಲೈನ್ ಮನೆಗಳ ವಿಷಯ ಹೇಳದೆ ಕೊಡಗಿನ ಬಸುರಿಯರ ಬಗ್ಗೆ ಬರೆಯುವುದು ಅರ್ಧ ಮಾತಾಗುತ್ತೆ. ನನಗೆ ಚೆಕಪ್ ತಪ್ಪಿದ್ದು ಸೋಮಾರಿತನ ಮತ್ತು ಮಳೆಯಿಂದ. ಲೈನ್ ಮನೆಯವಳಿಗೆ ತಪ್ಪುವುದು ಕೂಲಿಯಿಂದ. ಕಾಫಿ ಕೊಯ್ಲಿನ ಸಮಯದಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿ ತನಕ, ಕುಯ್ದ ಕಿಲೋ ಲೆಕ್ಕದಲ್ಲಿ ದುಡ್ಡು. ಒಂದು ದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಆ ದಿನದ ದುಡ್ಡು ಹೋಯಿತು, ಬಸ್ ಚಾರ್ಜು ಮೇಲೆ. ಪರೀಕ್ಷೆ ಉಚಿತ, ಔಷಧಿ ಉಚಿತ, ಆದರೆ ಅವಳ ಪಾಲಿಗೆ ಆ ದಿನ ಉಚಿತ ಅಲ್ಲ. ಅಸ್ಸಾಂನಿಂದ ಬಂದ ಕುಟುಂಬಗಳು ಈಗ ಎಷ್ಟೊಂದು ತೋಟಗಳಲ್ಲಿವೆ. ಅವರಿಗೆ ಇಲ್ಲಿನ ಮಾತು ಬರುವುದಿಲ್ಲ, ಕಾರ್ಡ್ ಊರಲ್ಲಿ ಬಿಟ್ಟು ಬಂದಿರುತ್ತಾರೆ, ಇಲ್ಲಿ ನೋಡುವುದಿಲ್ಲವೇನೋ ಅಂತ ಹೆದರಿ ಹೋಗುವುದೇ ಇಲ್ಲ. ಯಾವ ಊರಿನ ಬಸುರಿಯಾದರೂ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು, ಇದನ್ನು ತೋಟದವರು ಅವರಿಗೆ ಹೇಳಬೇಕು. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ ಇದೆ, ಒಳ್ಳೆಯ ಯೋಜನೆ. ಆದರೆ ಏಳು ತಿಂಗಳ ಹೊಟ್ಟೆ ಹೊತ್ತು, ಜಾರುವ ಏರಿನಲ್ಲಿ, ಆನೆ ಓಡಾಡುವ ದಾರಿಯಲ್ಲಿ ದಿನಾ ಊಟಕ್ಕೆ ನಡೆದು ಹೋಗು ಅಂದರೆ ಎಷ್ಟು ಜನ ಹೋಗುತ್ತಾರೆ?

ಆ ಹೆಣ್ಣುಮಗಳ ಹಿಮೋಗ್ಲೋಬಿನ್ 6.8 ಇತ್ತು. ಆರೂವರೆ ತಿಂಗಳು. ಹಿಂದಿನ ದಿನದ ತನಕ ಮರಕ್ಕೆ ಏಣಿ ಹಾಕಿ ಮೆಣಸು ಬಿಡಿಸುವವರಿಗೆ ಚೀಲ ಹಿಡಿದು ನಿಂತಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪು ಅನ್ನುವುದೇ ಇರಲಿಲ್ಲ, ಹಾಲಿನ ಕೆನೆಯ ಬಣ್ಣ. ಅವಳೂ ಹೇಳಿದ್ದು ಅದೇ ಮಾತು, ಆರಾಮಾಗಿದ್ದೀನಿ ಅಕ್ಕ.

ಅವತ್ತು ನಾನು ನಮ್ಮನೆಯವರ ಜೊತೆ ಜಗಳ ಮಾಡಿದೆ. ನಮ್ಮದು ಸಣ್ಣ ತೋಟ, ಕೆಲಸಕ್ಕೆ ಬರುವವರು ಬೆರಳೆಣಿಕೆ. ಬಸುರಿ ಹೆಂಗಸು ಚೆಕಪ್‌ಗೆ ಹೋದ ದಿನ ಅವಳಿಗೆ ಪೂರ್ತಿ ಕೂಲಿ ಕೊಡಬೇಕು, ಜೀಪಿನಲ್ಲಿ ನಾವೇ ಕರೆದುಕೊಂಡು ಹೋಗಬೇಕು ಅಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಮಾಡಿದರು. ತಿಂಗಳಿಗೆ ಒಂದು ದಿನ, ಒಂದೋ ಎರಡೋ ಜನ. ಒಂದು ಚೀಲ ಗೊಬ್ಬರದ ದುಡ್ಡೂ ಆಗುವುದಿಲ್ಲ. ಒಪ್ಪಿದರು. ನಮಗಿಂತ ಎಷ್ಟೋ ದೊಡ್ಡ ತೋಟದವರು ಇದನ್ನು ಮಾಡಬಹುದು. ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಒಂಬತ್ತನೇ ತಾರೀಕು ಅಂದೆನಲ್ಲ, ಅದು ಯಾಕೆ ಅಂದರೆ 2016ರಿಂದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ ಇದೆ. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳು ದಾಟಿದ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ, ದುಡ್ಡಿಲ್ಲ. ಒಂಬತ್ತು ತಿಂಗಳಿಗೆ ಒಂಬತ್ತನೇ ತಾರೀಕು, ನೆನಪಿಡಲು ಸುಲಭ ಅಲ್ವಾ. ನಮ್ಮ ದೇಶದಲ್ಲಿ ಕಮ್ಮಿ ಅಂದರೆ ನಾಲ್ಕು ಸಲ ತೋರಿಸಲೇಬೇಕು ಅಂತ ಇದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಂಟು ಸಲ ಅಂದಿತು. ನಾನು ಕಂಡ ಹಾಗೆ ಎಂಟೇ ಸರಿ. ಅದರಲ್ಲೂ ಏಳು ತಿಂಗಳ ನಂತರದ ಭೇಟಿಗಳ ನಡುವೆ ಅಂತರ ಕಮ್ಮಿ ಇರಬೇಕು, ನನ್ನ ಬಿಪಿ ಏರಿದ್ದು ಆ ಅಂತರದಲ್ಲೇ.

2022ರಲ್ಲಿ ಎರಡನೆಯ ಸಲ ಬಸುರಿಯಾದಾಗ ಏಳನೇ ವಾರಕ್ಕೇ ಆಶಾ ಅಕ್ಕನ ಮನೆ ಬಾಗಿಲು ತಟ್ಟಿದೆ. ಬೇಗ ಹೋದದ್ದಕ್ಕೆ ಒಂದು ದೊಡ್ಡ ಲಾಭ ಆಯಿತು. ಒಮ್ಮೆ ನಂಜು ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಡಾಕ್ಟರ್ 12ನೇ ವಾರ ಕಳೆಯುತ್ತಿದ್ದ ಹಾಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ ಶುರು ಮಾಡಿದರು. ಅದನ್ನು 16 ವಾರದೊಳಗೆ ಶುರು ಮಾಡಿದರೆ ಪ್ರಯೋಜನ ಜಾಸ್ತಿಯಂತೆ. ಐದನೇ ತಿಂಗಳಲ್ಲಿ ಮೊದಲ ಸಲ ಹೋಗಿದ್ದರೆ ಆ ಹೊತ್ತು ಮೀರಿರುತ್ತಿತ್ತು. (ಇದು ಎಲ್ಲರಿಗೂ ಕೊಡುವ ಮಾತ್ರೆ ಅಲ್ಲ, ಡಾಕ್ಟರ್ ಹೇಳದೆ ಯಾರೂ ತಗೊಳ್ಳಬೇಡಿ.) ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸಿ ಸಕ್ಕರೆ ನೋಡಿದರು. 140ಕ್ಕಿಂತ ಕೆಳಗಿತ್ತು, ಸದ್ಯ. ಮನೆಗೊಂದು ಬಿಪಿ ಮಿಷನ್ ತಂದೆವು. ವಾರಕ್ಕೆ ಎರಡು ಸಲ ಅತ್ತೆ ಎದುರು ಕೂತು, ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆಸುತ್ತಿದ್ದರು. ಅವರಿಗೆ ಅಕ್ಷರ ಬರುವುದಿಲ್ಲ, ಆದರೆ ಮೇಲಿನದು 140, ಕೆಳಗಿನದು 90 ದಾಟಬಾರದು ಅಂತ ಗೊತ್ತು. ಒಂದು ದಿನ 138 ಬಂದಾಗ ಅವರು ಊಟ ಮಾಡಲಿಲ್ಲ. 37 ವಾರ ದಾಟಿದ ಮೇಲೆ ಬಿಪಿ ಸ್ವಲ್ಪ ಏರಿತು, ಅದೇ ದಿನ ಅಡ್ಮಿಟ್ ಆದೆ. ಮಗ ಹುಟ್ಟಿದಾಗ 2 ಕಿಲೋ 700. ಅತ್ತೆ ಅವನನ್ನು ಎತ್ತಿಕೊಂಡು ಭಾರ ನೋಡಿ ನೋಡಿ ಅತ್ತರು.

ಮಳೆಗಾಲದಲ್ಲಿ ದಿನ ತುಂಬುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ಅಂದರೆ ನಮ್ಮಲ್ಲಿ ರಸ್ತೆಯನ್ನು ನಂಬುವ ಹಾಗಿಲ್ಲ. ಹೊಳೆ ಯಾವಾಗ ಸೇತುವೆ ಮೇಲೆ ಬರುತ್ತೋ, ಮರ ಯಾವಾಗ ಬೀಳುತ್ತೋ. ದಿನ ಹತ್ತಿರ ಬಂದಾಗ ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಸೋಮವಾರಪೇಟೆ, ಯಾವ ಪೇಟೆಯಲ್ಲಿ ನೆಂಟರಿದ್ದರೂ ಸಂಕೋಚ ಬಿಟ್ಟು ಹೋಗಿ ಇದ್ದುಬಿಡಿ. ಜೀಪಿನವರ ನಂಬರ್ ಎರಡು ಗೋಡೆ ಮೇಲೆ ಬರೆದಿಡಿ, 108 ಇದ್ದರೂ ಬರೆದಿಡಿ. ನೆಟ್‌ವರ್ಕ್ ಎಲ್ಲಿ ಸಿಗುತ್ತೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ. ಏಳು ತಿಂಗಳ ಮೇಲೆ ಮಗುವಿನ ಅಲುಗಾಟ ಕಮ್ಮಿ ಆಯಿತು ಅನಿಸಿದರೆ, ರಕ್ತಸ್ರಾವ ಆದರೆ, ನೀರು ಹೋದರೆ, ಮುಂದಿನ ಚೆಕಪ್ ಯಾವಾಗ ಅಂತ ನೋಡುತ್ತಾ ಕೂರಬೇಡಿ. ಮಧ್ಯರಾತ್ರಿಯಾದರೂ ಹೊರಡಿ.

ನಮ್ಮ ನೆಂಟರ ಹುಡುಗಿ ಮೊನ್ನೆ ಹೋಗಿ ಬಂದಳು. ಬಿಪಿ ಸರಿ ಇದೆ, ರಕ್ತ 10.2. ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತಿದ್ದಳಂತೆ, ನನ್ನ ಹಾಗೇ.

ಈ ತಿಂಗಳ ಒಂಬತ್ತಕ್ಕೆ ನಮ್ಮ ಜೀಪಿನಲ್ಲಿ ಮೂವರು ಬರುತ್ತಾರೆ. ಇಬ್ಬರು ಪಕ್ಕದ ತೋಟದವರು, ಅವರ ಸಾಹುಕಾರರ ಹತ್ತಿರ ನಮ್ಮನೆಯವರೇ ಹೋಗಿ ಮಾತಾಡಿ ಬಂದರು. ಮೂರನೆಯವಳಿಗೆ ಎಂಟು ತಿಂಗಳು. ಅವಳ ಲೈನ್ ಮನೆ ಸೋರುತ್ತೆ, ಹೋದ ತಿಂಗಳು ತಾಯಿ ಕಾರ್ಡ್ ನೆನೆದು ಅಕ್ಷರವೆಲ್ಲ ಹರಡಿತ್ತು. ಸಿಸ್ಟರ್ ಹೊಸ ಕಾರ್ಡಿಗೆ ಎಲ್ಲವನ್ನೂ ಮತ್ತೆ ಬರೆದುಕೊಟ್ಟರು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅತ್ತೆ ನಮ್ಮ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಾರೆ.